ಶರತ್ಕಾಲದ ಪುರಸೊತ್ತು

2022ರ ಸೆಪ್ಟೆಂಬರ್ ಕೊನೆಯಲ್ಲಿ ನಾನು ಹಾಲೆಂಡಿಗೆ ಹೋದಾಗ ಮಗಳ ಮನೆಯೆದುರಿನ ಮರಗಳು ಆಗಲೇ ಹಳದಿಗೆ ತಿರುಗತೊಡಗಿದ್ದವು. ಆಮ್‌ಸ್ಟರ್‌ಡಾಮಿನ ಮಗ್ಗುಲಿಗಿರುವ ಆಮ್‌ಸ್ಟೆಲ್‌ವೇನ್ ಎಂಬ ಊರು. ಪಕ್ಕದ ಮನೆಯಲ್ಲಿ ಎಂಬತ್ತರ ಅಂಚಿನ ಒಂಟಿ ಅಜ್ಜಿ. ಚಳಿ ಬರುವುದರೊಳಗೆ ಅವರಿಗೆ ಎಷ್ಟೊಂದು ಕೆಲಸ! ಜೆರೇನಿಯಂ ಕುಂಡಗಳನ್ನು ಒಳಗಿಡಬೇಕು, ಸೂರಿನ ನೀರು ಹರಿಯುವ ದೋಣಿಯಿಂದ ಎಲೆ ತೆಗೆಸಬೇಕು, ಉಣ್ಣೆಯ ಹೊದಿಕೆಗಳನ್ನು ಗಾಳಿಗೆ ಹಾಕಬೇಕು, ಟ್ಯೂಲಿಪ್ ಗೆಡ್ಡೆಗಳನ್ನು ಹೂಳಬೇಕು. ಆ ಗೆಡ್ಡೆಗಳು ಚಳಿಗಾಲವೆಲ್ಲ ತಣ್ಣನೆಯ ಮಣ್ಣಿನಲ್ಲಿದ್ದರೇ ವಸಂತದಲ್ಲಿ ಹೂ ಬಿಡುವುದಂತೆ.

ಆದರೆ ಬೆಳಗಿನ ಹತ್ತೂವರೆ ಆಯಿತೋ, ಅಜ್ಜಿ ಕೈಯ ಮಣ್ಣು ತೊಳೆದು, ಕಾಫಿ ಹಿಡಿದು, ಕಿಟಕಿ ಬಳಿಯ ಕುರ್ಚಿಯಲ್ಲಿ ಕೂತುಬಿಡುತ್ತಿದ್ದರು. ಬುಟ್ಟಿಯಲ್ಲಿ ಅರ್ಧ ಗೆಡ್ಡೆ ಹಾಗೇ! ಹಿಡಿದ ಕೆಲಸ ಮುಗಿಸದೆ ಕೂರುವ ಹೆಂಗಸನ್ನು ನಮ್ಮ ಕಡೆ ಏನೆನ್ನುತ್ತಾರೆ, ನಿಮಗೆ ಗೊತ್ತಲ್ಲ? ಒಂದು ದಿನ ನನ್ನನ್ನೂ ಕರೆದು ಸೇಬಿನ ಕೇಕು ಕೊಟ್ಟರು. "ಉಳಿದದ್ದನ್ನು ನಾನು ಹೂಳಲೇ?" ಎಂದು ಮಗಳಿಂದ ಕೇಳಿಸಿದೆ. ಅಜ್ಜಿ ನಕ್ಕು ಪಕ್ಕದ ಕುರ್ಚಿ ತಟ್ಟಿದರು: "ಗೆಡ್ಡೆ ಇಲ್ಲೇ ಇರುತ್ತದೆ, ಈ ಬಿಸಿಲು ಇರುವುದಿಲ್ಲ."

ನನಗೆ ತೀರ್ಥಹಳ್ಳಿಯ ಅಮ್ಮ ನೆನಪಾದಳು. ಮಳೆಗಾಲಕ್ಕೆ ಮುಂಚೆ ಅವಳದೂ ಇದೇ ಓಡಾಟ: ಹಲಸಿನ ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ, ಒಣಕಟ್ಟಿಗೆ. ಮಳೆ ಹಿಡಿದ ಮೇಲೆ ಜಗಲಿಯಲ್ಲಿ ಕೂತು ಹಪ್ಪಳ ಮುರಿಯುತ್ತ ಮಳೆ ನೋಡಿದವರು ಮಾತ್ರ ನಾವು. ಅವಳು ಒಲೆಯ ಮುಂದೆ. "ಬಾ ಅಮ್ಮ, ಕೂತ್ಕೋ" ಎಂದರೆ "ನಂಗೆಲ್ಲಿದೆ ಪುರಸೊತ್ತು?" ಎನ್ನುತ್ತಿದ್ದಳು. ಹಾಗೆನ್ನುತ್ತಲೇ ಹೋಗಿಬಿಟ್ಟಳು. ಅಮ್ಮನಿಗೆ ಸುಖಪಡಲು ಬರುತ್ತಿರಲಿಲ್ಲ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ.

ಆ ಶನಿವಾರ ಊರಂಚಿನ ಕಾಡಿಗೆ ಹೋದೆವು. ಬೀಚ್ ಮರಗಳ ಕೆಳಗೆ ತಾಮ್ರ ಚೆಲ್ಲಿದ ಹಾಗೆ ಎಲೆ. ಅದು ತಾನಾಗಿ ಬೆಳೆದ ಕಾಡಲ್ಲ, 1934ರಿಂದ ನಿರುದ್ಯೋಗಿಗಳಿಗೆ ಕೂಲಿ ಕೊಟ್ಟು ಮಾಡಿಸಿದ್ದು ಎಂದಳು ಮಗಳು. ಅಗೆದು ನೆಟ್ಟವರಲ್ಲಿ ಎಷ್ಟು ಮಂದಿ ಈ ನೆರಳಿನಲ್ಲಿ ಕೂತರೋ! ಆಗ ಹೊಳೆಯಿತು. ಅಜ್ಜಿ ಒಂಟಿ, ಅವರು ಕೂತರೆ ಯಾರೂ ಹಸಿದಿರುವುದಿಲ್ಲ. ಅಮ್ಮ ಕೂತಿದ್ದರೆ ಹಪ್ಪಳ ಕರಿಯುವವರು ಯಾರು? ಜಗಲಿಯಲ್ಲಿ ನಾವು ಆರು ಜನ ಇದ್ದೆವು. ಕೂತಲ್ಲಿಂದಲೇ ಕರೆದೆವು, ಒಬ್ಬರೂ ಏಳಲಿಲ್ಲ. ಪುರಸೊತ್ತು ಅವಳಿಗೆ ಇರಲಿಲ್ಲವೆಂದಲ್ಲ, ನಾವು ಕೊಡಲಿಲ್ಲ.

ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕಿಡುತ್ತಾರೆ. ಸಂಜೆ ಐದೂವರೆಗೆಲ್ಲ ಕತ್ತಲು ಕವಿಯುತ್ತಿತ್ತು, ಹೊರಗೆ ಸಣ್ಣಗೆ ಮಳೆ. ಮಗಳು ಎಂದಿನಂತೆ ಅಡುಗೆಮನೆಗೆ ಹೊರಟಳು. "ಕೂತ್ಕೋ ಮಾರಾಯ್ತಿ, ಎಲೆ ಉದುರೋದನ್ನಾದರೂ ನೋಡು" ಎಂದು ನಾನು ಎದ್ದೆ. ಅಳಿಯಂದಿರೂ ಎದ್ದರು. "ನೀವೂ ಕೂತ್ಕೊಳ್ಳಿ ಅತ್ತೆ, ಹಪ್ಪಳ ನಾನು ಕರೀತೀನಿ."

ಮೊದಲ ಎರಡು ಹಪ್ಪಳ ಸೀದ ವಾಸನೆ ಬಂತು. ಏಳದೆ ಕೂತಿರುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಾದದ್ದು ಆಗ.