ಹಳೆಯ ಮನೆಯ ಗುಟ್ಟು



ಅಹಾಬನು ನಾಬೋತನ ದ್ರಾಕ್ಷೇತೋಟವನ್ನು ಆಶಿಸಿದ್ದನ್ನೂ, ಈಜೆಬೆಲಳು ಸುಳ್ಳುಸಾಕ್ಷಿಗಳನ್ನು ನಿಲ್ಲಿಸಿ ಅವನನ್ನು ಕೊಲ್ಲಿಸಿದ್ದನ್ನೂ ನಾವು ಬಲ್ಲೆವು. ಇಂಥ ಪಾಪವು ಆ ಕಾಲಕ್ಕೇ ಮುಗಿಯಲಿಲ್ಲ. ಅಮೆರಿಕ ದೇಶದ ನಥಾನಿಯೆಲ್ ಹಾಥಾರ್ನ್ ಎಂಬ ಗ್ರಂಥಕರ್ತನು 1851ರಲ್ಲಿ ಪ್ರಕಟಿಸಿದ ಕಾದಂಬರಿಯೊಂದು ಇದನ್ನೇ ತೋರಿಸುತ್ತದೆ. 'ಏಳು ಚೂಪುಮಾಡುಗಳ ಮನೆ' ಎಂಬದು ಅದರ ಹೆಸರಿನ ಅರ್ಥವು.

ಪಿಂಚನ್ ಎಂಬ ಧನಿಕನಾದ ಕರ್ನಲನು ಮಾಲ್ ಎಂಬ ಬಡವನ ನೆಲವನ್ನು ಬಯಸಿದನು. ಆ ಬಡವನು ಮಾಟಗಾರನೆಂಬ ಅಪವಾದಕ್ಕೆ ಸಿಕ್ಕಿ ಗಲ್ಲಿಗೇರಿದನು. ಅವನ ಮೇಲೆ ಕೂಗಿದವರಲ್ಲಿ ಕರ್ನಲನೂ ಒಬ್ಬನು. ಆ ನೆಲದಲ್ಲಿಯೇ ದೊಡ್ಡ ಮನೆಯು ಎದ್ದಿತು. ಸಿಹಿಯಾಗಿದ್ದ ಒರತೆಯ ನೀರು ಸವುಳಾಯಿತು. ಗೃಹಪ್ರವೇಶದ ದಿನ ಅತಿಥಿಗಳು ಒಳಕೋಣೆಯ ಬಾಗಲನ್ನು ತೆರೆದಾಗ, ಯಜಮಾನನು ಕುರ್ಚಿಯಲ್ಲಿ ಕೂತಂತೆಯೇ ಸತ್ತಿದ್ದನು. ಅವನ ವಂಶದವರು ದೊಡ್ಡ ಸೀಮೆಯೊಂದರ ಹಕ್ಕುಪತ್ರಕ್ಕಾಗಿ ತಲೆತಲಾಂತರವೂ ಹಂಬಲಿಸಿದರು. ಅದು ಆ ಕರ್ನಲನ ಪಟದ ಹಿಂದೆಯೇ ಅಡಗಿತ್ತು. ಸಿಕ್ಕಿದಾಗ ಅದಕ್ಕೆ ಬೆಲೆಯೇ ಇರಲಿಲ್ಲ. ಅದೇ ವಂಶದ ನ್ಯಾಯಾಧಿಪತಿಯೊಬ್ಬನು ನಿಜವನ್ನು ಮುಚ್ಚಿಟ್ಟು, ನಿರಪರಾಧಿಯಾದ ತನ್ನ ದಾಯಾದಿಯನ್ನು ಅನೇಕ ವರುಷ ಸೆರೆಯಲ್ಲಿ ನರಳಗೊಟ್ಟನು.

ಕಥೆಯು ಕಲ್ಪಿತವಾದರೂ ಅದರ ಬೇರು ಕಲ್ಪಿತವಲ್ಲ. ಮ್ಯಾಸಚೂಸೆಟ್ಸ್ ಸೀಮೆಯ ಸೇಲಂ ಎಂಬ ಊರಿನಲ್ಲಿ 1692ರಲ್ಲಿ ಮಾಟದ ಅಪವಾದದಿಂದ 19 ಮಂದಿಯನ್ನು ಗಲ್ಲಿಗೇರಿಸಿದರು. ವಿಚಾರಣೆ ನಡಿಸಿದವರಲ್ಲಿ ಈ ಗ್ರಂಥಕರ್ತನ ಪೂರ್ವಿಕನೊಬ್ಬನಿದ್ದನು. ಅವರೂ ಸತ್ಯವೇದವನ್ನು ಓದುವವರೇ, ಮೊಣಕಾಲೂರಿ ಪ್ರಾರ್ಥಿಸುವವರೇ. ಇದನ್ನು ನೆನಸಿ ನಾವು ನಡುಗಬೇಕು.

ನಮ್ಮಲ್ಲಿ ಅಂಥ ದೊಡ್ಡ ಮನೆಗಳಿಲ್ಲ. ಆದರೂ ಹುಲ್ಲಿನ ಗುಡಿಸಲಲ್ಲಿಯೂ ಗುಟ್ಟು ಅಡಗಬಲ್ಲದು. ರಾತ್ರಿಯಲ್ಲಿ ಸರಿಸಿದ ಗಡಿಕಲ್ಲು, ಸಾಲವು ತೀರಿದರೂ ಹಿಂದಕ್ಕೆ ಕೊಡದ ಪತ್ರ, ವಿಧವೆಗೆ ಸಲ್ಲದೆಹೋದ ಪಾಲು, ಇವು ನಮ್ಮ ಪಟದ ಹಿಂದಿನ ಕಾಗದಗಳು. "ಅದು ಅಜ್ಜನ ಕಾಲದ್ದು, ನಮಗೇನು?" ಅನ್ನುತ್ತೇವೆ. ಅಜ್ಜನ ತಪ್ಪಿಗಾಗಿ ದೇವರು ಮೊಮ್ಮಗನನ್ನು ಅಪರಾಧಿಯೆಂದು ಎಣಿಸುವದಿಲ್ಲ. ಆದರೆ ಆ ಹೊಲದ ಪೈರನ್ನು ತಿಳಿದೂ ತಿಳಿದೂ ಕೊಯ್ಯುವವನು ಅದರ ಪಾಪವನ್ನೂ ಕೊಯ್ದು ಮನೆಗೆ ತರುತ್ತಾನೆ. ನಮ್ಮ ದೀಕ್ಷಾಸ್ನಾನವು ನೆರೆಯವನ ಹೊಲವನ್ನು ನಮ್ಮದಾಗಿ ಮಾಡುವದಿಲ್ಲ.

ಜಕ್ಕಾಯನು ಕರ್ತನನ್ನು ಮನೆಗೆ ಸೇರಿಸಿಕೊಂಡಾಗ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುವೆನೆಂದನು. ಅಂದೇ ಆ ಮನೆಗೆ ರಕ್ಷಣೆಯುಂಟಾಯಿತು. ಪ್ರಿಯರೇ, ಮರಣವು ಬಂದು ತೆರೆಯುವ ಮುಂಚೆ ನಮ್ಮ ಬಾಗಲನ್ನು ನಾವೇ ತೆರೆಯೋಣ. ಮುಂದಿನ ಆದಿತ್ಯವಾರ ಪವಿತ್ರ ಭೋಜನಕ್ಕೆ ಕೈ ನೀಡುವದಕ್ಕಿಂತ ಮೊದಲು ನೆರೆಯವನ ಅಂಗಳಕ್ಕೆ ಹೋಗಿ, ಅವನದನ್ನು ಅವನಿಗೆ ಒಪ್ಪಿಸೋಣ. ಕರ್ತನು ಅದಕ್ಕೆ ಬೇಕಾದ ಧೈರ್ಯವನ್ನು ನಮಗೆ ಅನುಗ್ರಹಿಸಲಿ. ಆಮೆನ್.