ಪ್ರಾಣ ಉಳಿಸಿದ ವಿವಾಹವಸ್ತ್ರ



ಯೊಪ್ಪ ಪಟ್ಟಣದಲ್ಲಿ ತಬಿಥಾ ಎಂಬ ಶಿಷ್ಯಳು ಸತ್ತಾಗ ವಿಧವೆಯರು ಪೇತ್ರನ ಬಳಿಯಲ್ಲಿ ಅಳುತ್ತಾ ನಿಂತು, ಆಕೆಯು ತಮಗೆ ಮಾಡಿಕೊಟ್ಟಿದ್ದ ಅಂಗಿಗಳನ್ನು ತೋರಿಸಿದರೆಂಬದನ್ನು ಅಪೊಸ್ತಲರ ಕೃತ್ಯಗಳ 9ನೆಯ ಅಧ್ಯಾಯದಲ್ಲಿ ಓದುತ್ತೇವೆ. ಆ ಅಂಗಿಗಳ ಬೆಲೆ ಎಷ್ಟೆಂದು ಅಲ್ಲಿ ಬರೆದಿರುವದಿಲ್ಲ, ಪೇತ್ರನೂ ಕೇಳಲಿಲ್ಲ. ನಮ್ಮ ಸಭೆಗಳಲ್ಲಿಯಾದರೋ ಮದುವೆ ನಿಶ್ಚಯವಾದ ಕೂಡಲೆ ಹುಟ್ಟುವ ಮೊದಲನೆಯ ಪ್ರಶ್ನೆಯು, ಸೀರೆ ಎಷ್ಟು ರೂಪಾಯಿಯದು ಎಂಬದೇ. ಅದಕ್ಕೆ ತಕ್ಕ ಉತ್ತರ ಕೊಡುವದಕ್ಕೋಸ್ಕರ ಹೊಲವನ್ನು ಅಡವಿಟ್ಟವರನ್ನು ನಾವು ಬಲ್ಲೆವು. ಅಂಥವರ ಮನಸ್ಸಿಗೆ ಹಿತವಾಗಬಹುದಾದ ಒಂದು ವಿವಾಹವಸ್ತ್ರದ ವೃತ್ತಾಂತವನ್ನು ಇಲ್ಲಿ ಹೇಳುತ್ತೇವೆ.

1944ನೆಯ ಇಸವಿ ಆಗಸ್ಟ್ ತಿಂಗಳಲ್ಲಿ, ಎರಡನೆಯ ಮಹಾಯುದ್ಧವು ನಡೆಯುತ್ತಿರುವಾಗ, ಅಮೇರಿಕದ ಒಬ್ಬ ವಿಮಾನಚಾಲಕನು ಜಪಾನ್ ದೇಶದ ಯಾವಾಟಾ ಎಂಬ ಊರಿನ ಮೇಲೆ ಬಾಂಬು ಹಾಕಿ ಹಿಂದಿರುಗುತ್ತಿದ್ದನು. ದಾರಿಯಲ್ಲಿ ವಿಮಾನದ ಯಂತ್ರಕ್ಕೆ ಬೆಂಕಿ ಹತ್ತಿತು. ಅವನೂ ಸಂಗಡಿಗರೂ ರಾತ್ರಿಯ ಕತ್ತಲೆಯಲ್ಲಿ ಪ್ಯಾರಾಶೂಟನ್ನು ನಂಬಿ ಕೆಳಕ್ಕೆ ಧುಮುಕಬೇಕಾಯಿತು. ಕೊಡೆಯಂತೆ ಬಿಚ್ಚಿಕೊಂಡ ಆ ನೈಲಾನ್ ಬಟ್ಟೆಯು ಅವನನ್ನು ಮೆಲ್ಲಗೆ ನೆಲಕ್ಕಿಳಿಸಿತು. ಸಣ್ಣ ಗಾಯಗಳ ಹೊರತು ಅವನಿಗೆ ಕೇಡೇನೂ ಆಗಲಿಲ್ಲ. ಸಹಾಯ ಬರುವ ತನಕ ಅದೇ ಬಟ್ಟೆಯು ಅವನಿಗೆ ತಲೆದಿಂಬೂ ಹೊದಿಕೆಯೂ ಆಯಿತು. ಯಾವಾಟಾದಲ್ಲಿಯೂ ಮಗಳ ಮದುವೆಗೆಂದು ವಸ್ತ್ರವನ್ನು ಮಡಚಿಟ್ಟಿದ್ದ ತಾಯಂದಿರು ಇದ್ದಿರಬೇಕು. ಇವನು ಬದುಕಿದ್ದಕ್ಕಾಗಿ ಸಂತೋಷಪಡುವಾಗ ಅವರನ್ನು ಮರೆಯುವದಕ್ಕೆ ನಮಗೆ ಮನಸ್ಸು ಬರುವದಿಲ್ಲ.

ಯುದ್ಧವು ಮುಗಿದ ಮೇಲೆ, 1947ರಲ್ಲಿ, ಅವನು ತಾನು ಪ್ರೀತಿಸಿದ ಕನ್ಯೆಯನ್ನು ಮದುವೆಗೆ ಕೇಳಿದಾಗ ಆ ಬಟ್ಟೆಯನ್ನೇ ತಂದು ಆಕೆಯ ಮುಂದಿಟ್ಟನು. ರವಿಕೆಯ ಭಾಗವನ್ನೂ ಮುಸುಕನ್ನೂ ಅಲ್ಲಿಯ ಒಬ್ಬ ಹೊಲಿಗೆಯವಳು ಮಾಡಿಕೊಟ್ಟಳು. ಕೆಳಗಿನ ಲಂಗವನ್ನು ಮದಲಗಿತ್ತಿಯು ತಾನೇ ಮಾಡಿಕೊಂಡಳು. ಆಕೆಯು ಪ್ಯಾರಾಶೂಟಿನ ಹಗ್ಗಗಳನ್ನು ಮೇಲಕ್ಕೆಳೆದು, ಮುಂಭಾಗವು ಗಿಡ್ಡವಾಗುವಂತೆಯೂ ಹಿಂಭಾಗವು ನೆಲದ ಮೇಲೆ ಉದ್ದಕ್ಕೆ ಹರಿಯುವಂತೆಯೂ ಮಾಡಿದಳಂತೆ. ಗಂಡನ ಪ್ರಾಣವು ಯಾವ ಹಗ್ಗಗಳಿಂದ ತೂಗಿತ್ತೋ ಅವುಗಳನ್ನೇ ಆಕೆಯ ಬೆರಳುಗಳು ಹಿಡಿದವು! ಆ ವರ್ಷದ ಜುಲೈ 19ರಂದು ಪೆನ್ಸಿಲ್ವೇನಿಯ ಸೀಮೆಯ ನೆಫ್ಸ್ ಎಂಬಲ್ಲಿ ಲೂಥರನ್ ಸಭೆಯ ದೇವಾಲಯದಲ್ಲಿ ಮದುವೆ ನಡೆಯಿತು.

ಮುಂದೆ ಅವರ ಮಗಳು ತನ್ನ ಮದುವೆಯಲ್ಲಿ ಅದನ್ನೇ ಧರಿಸಿದಳು. ಇದೇನೂ ಆಶ್ಚರ್ಯವಲ್ಲ, ತಾಯಿಯ ಸೀರೆ ಮಗಳಿಗೆ ಬರುವದು ನಮ್ಮಲ್ಲಿಯೂ ಉಂಟು. ಆದರೆ ಅವರ ಮಗನನ್ನು ವರಿಸಿದ ಹುಡುಗಿಯೂ ಅದನ್ನು ಉಟ್ಟುಕೊಂಡಳು. ಅತ್ತೆಯಂದಿರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿರಿ. ಮನೆಗೆ ಬಂದ ಸೊಸೆಯನ್ನು ನಾವು ಏನು ತಂದೆಯೆಂದು ಕೇಳುತ್ತೇವೆ. ಆ ಮನೆಯಲ್ಲಿಯಾದರೋ ಆಕೆಗೂ ಆ ವಸ್ತ್ರದಲ್ಲಿ ಪಾಲು ಸಿಕ್ಕಿತು. ಆಕೆಗೆ ಹಕ್ಕಿಲ್ಲವೆನ್ನಬಹುದೋ? ಆ ರಾತ್ರಿ ಬಟ್ಟೆಯು ಹರಿದುಹೋಗಿದ್ದರೆ ತಾಯಿಗೆ ಮಗಳೂ ಇಲ್ಲ, ಈ ಸೊಸೆಗೆ ಗಂಡನೂ ಇಲ್ಲ. ಬಿದ್ದವನನ್ನು ಉಳಿಸಿದ ಕೃಪೆಯು ಅವನ ಮನೆಗೆ ಹೊರಗಿನಿಂದ ಬಂದವಳನ್ನೂ ಹೊದಿಸಿತು. ನಾವೂ ದೇವರ ಮನೆಗೆ ಹೊರಗಿನಿಂದ ಬಂದವರಲ್ಲವೇ? ಹಾದಿಗಳು ಕೂಡುವ ಸ್ಥಳದಿಂದ ಕರೆಯಲ್ಪಟ್ಟವರಿಗೆ ಅರಸನ ಔತಣದಲ್ಲಿ ಸ್ಥಳವಾಯಿತೆಂದು ಕರ್ತನು ಹೇಳಿದ ಸಾಮ್ಯದಲ್ಲಿ, ನೀನು ಏನು ತಂದೆಯೆಂದು ಬಾಗಿಲಲ್ಲಿ ಯಾರೂ ಕೇಳಲಿಲ್ಲ.

ಹೀಗೆ ಮೂವರು ಮದಲಗಿತ್ತಿಯರು ಉಟ್ಟ ಮೇಲೆ ಆ ಮನೆಯವರು ಅದನ್ನು ಅಮೇರಿಕದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯಕ್ಕೆ ದಾನವಾಗಿ ಕೊಟ್ಟುಬಿಟ್ಟರು.