ಸಂಶಯದ ಭಾರ ಯಾರ ಮೇಲೆ?

ತನಗೆ ಕೇಡಾಯಿತೆಂದು ಮೊರೆಯಿಡುವವನು ಆ ಕೇಡು ಎಷ್ಟೆಂಬುದನ್ನು ತೋರಿಸಬೇಕು. ಇದು ನ್ಯಾಯದ ಸಾಮಾನ್ಯ ನಿಯಮ. ಆದರೆ ಕೇಡಿನ ಅಳತೆಯೇ ಕಾಲದಲ್ಲಿ ಕರಗಿಹೋಗಿದ್ದರೆ? ಅಳೆಯುವ ಉಪಕರಣವು ಕೇಡು ಮಾಡಿದವರ ಕೈಯಲ್ಲಿ ಮಾತ್ರ ಇದ್ದು, ಅವರು ಅಂದು ಸರಿಯಾಗಿ ಅಳೆಯದೆ ಬಿಟ್ಟಿದ್ದರೆ? ಅಣುಬಾಂಬುಗಳ ಪರೀಕ್ಷೆ ನಡೆದ ನೆಲದ ಆಸುಪಾಸಿನಲ್ಲಿ ಬಾಳಿದವರ ಪ್ರಶ್ನೆ ಇಂಥದು.

1945ರ ಜುಲೈ 16ರ ನಸುಕಿನಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ಸಂಸ್ಥಾನದ ಮರುಭೂಮಿಯಲ್ಲಿ ಜಗತ್ತಿನ ಮೊದಲ ಅಣುಬಾಂಬು ಸಿಡಿಯಿತು. ಸುತ್ತಲಿನ ಜನಕ್ಕೆ ಮುಂಚಿತವಾಗಿ ಸುಳಿವು ಕೊಟ್ಟಿರಲಿಲ್ಲ. ಆಮೇಲೂ ಅವರನ್ನು ಬೇರೆಡೆಗೆ ಸಾಗಿಸಲಿಲ್ಲ. ಅವರಲ್ಲಿ ಅನೇಕರು ಮಾಳಿಗೆಯ ಮೇಲೆ ಬಿದ್ದ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದು ಕುಡಿಯುತ್ತಿದ್ದರು. ಮನೆಯ ಆಕಳು, ಆಡುಗಳ ಹಾಲನ್ನೇ ಬಳಸುತ್ತಿದ್ದರು. ಸ್ಫೋಟದ ಧೂಳಿನಲ್ಲಿ ಅಯೋಡಿನ್-131 ಎಂಬ ವಿಕಿರಣ ಪದಾರ್ಥವಿರುತ್ತದೆ. ಅದು ಹುಲ್ಲಿಗೆ ಬಿದ್ದು, ಮೇಯುವ ದನದ ಹಾಲಿಗಿಳಿದು, ಕುಡಿದವರ ಕೊರಳಿನ ಥೈರಾಯ್ಡ್ ಗ್ರಂಥಿಯಲ್ಲಿ ನೆಲೆಸುತ್ತದೆ. ಆಕಳ ಹಾಲಿಗಿಂತ ಆಡಿನ ಹಾಲಿನಲ್ಲಿ ಅದರ ಸಾಂದ್ರತೆ ಬಲು ಹೆಚ್ಚು. ಮಗುವಿನ ಗ್ರಂಥಿ ಕಿರಿದಾದುದರಿಂದ ಅಷ್ಟೇ ಹಾಲು ಅದಕ್ಕೆ ಹೆಚ್ಚು ಘಾತಕ. ಎಂಟು ದಿನಕ್ಕೊಮ್ಮೆ ಅರ್ಧವಾಗುತ್ತ ಹೋಗುವ ಈ ಅಯೋಡಿನ್ ಮೂರು ತಿಂಗಳಲ್ಲಿ ಸಾವಿರದಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಕಳ್ಳನು ಹೆಜ್ಜೆಗುರುತನ್ನೂ ಅಳಿಸಿಕೊಂಡು ಹೋದಂತಾಯಿತು.

ಇಂಥದನ್ನು ದಶಕಗಳ ಮೇಲೆ ಅಳೆಯುವುದೆಂತು? ನೆವಾಡಾದಲ್ಲಿ 1951ರಿಂದ 1962ರವರೆಗೆ ತೆರೆದ ಆಕಾಶದ ಕೆಳಗೆ ಸುಮಾರು ನೂರು ಸ್ಫೋಟಗಳಾದವು. ಆ ದಿನಗಳಲ್ಲಿ ದೇಶದ ಹಲವೆಡೆ ಅಂಟು ಬಳಿದ ಹಾಳೆಗಳನ್ನು ಬಯಲಿಗಿಟ್ಟು ಬಿದ್ದ ಧೂಳಿನ ವಿಕಿರಣವನ್ನು ನೋಡುತ್ತಿದ್ದರು. ಹಾಲನ್ನು ಅಳೆದ ದಾಖಲೆಗಳು ಮಾತ್ರ ಬಹಳ ವಿರಳ. ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯು ಆ ಹಾಳೆಗಳ ಲೆಕ್ಕ, ಗಾಳಿ ಮಳೆಗಳ ದಾಖಲೆ, ಹಾಲಿನ ಮಾರಾಟದ ವಿವರಗಳನ್ನು ಕೂಡಿಸಿ 1997ರಲ್ಲಿ ವರದಿ ಪ್ರಕಟಿಸಿತು. ದೇಶದ ಜನರ ಥೈರಾಯ್ಡಿಗೆ ಸರಾಸರಿ ಎರಡು ರ್ಯಾಡ್ ತಾಗಿತೆಂದೂ, ಎಳೆಯ ಮಕ್ಕಳಿಗೆ ಅದರ ಹಲವು ಪಟ್ಟೆಂದೂ ಅದರ ನಿರ್ಣಯ. ಸರಾಸರಿಯೆಂಬುದು ಸುಳ್ಳಲ್ಲ, ಆದರೆ ಸರಾಸರಿಗೆ ಕೊರಳಿಲ್ಲ. ಹಿತ್ತಲಿನ ಆಡಿನ ಹಾಲು ಕುಡಿದ ಮಗುವನ್ನೂ, ಹಾಲನ್ನೇ ಮುಟ್ಟದ ಮಗುವನ್ನೂ ಅದು ಒಂದೇ ಅಂಕೆಯಲ್ಲಿ ಕೂಡಿಸಿಬಿಡುತ್ತದೆ.

ಅದೇ ಸಂಸ್ಥೆಯವರು ನ್ಯೂ ಮೆಕ್ಸಿಕೋದ ಲೆಕ್ಕಕ್ಕಾಗಿ ವೃದ್ಧರನ್ನು ಕುಳ್ಳಿರಿಸಿಕೊಂಡು ವಿಚಾರಿಸಿದರು: ಆಗ ಏನು ಉಣ್ಣುತ್ತಿದ್ದಿರಿ, ಯಾವ ಹಾಲು, ಎಲ್ಲಿಯ ನೀರು, ಮನೆಯ ಗೋಡೆ ಮಣ್ಣಿನದೋ ಮರದ್ದೋ, ದಿನದಲ್ಲಿ ಎಷ್ಟು ಹೊತ್ತು ಹೊರಗಿರುತ್ತಿದ್ದಿರಿ? ಫಲಿತಾಂಶ 2020ರಲ್ಲಿ ಬಂತು. ಎಪ್ಪತ್ತು ವರ್ಷ ಹಿಂದಿನ ಅಡುಗೆಮನೆಯ ನೆನಪು ಭೌತವಿಜ್ಞಾನದ ಪುರಾವೆಯಾದುದು ನನಗೆ ಸಣ್ಣ ಸಂಗತಿಯಾಗಿ ತೋರುವುದಿಲ್ಲ. ಯಾರನ್ನು ಅಂದು ಒಂದು ಮಾತೂ ಕೇಳಲಿಲ್ಲವೋ ಅವರನ್ನೇ ಕೇಳದೆ ಲೆಕ್ಕ ಮುಂದೆ ಸಾಗದಾಯಿತು.

ಕಜಕಸ್ತಾನದ ಸೆಮಿಪಲಾಟಿನ್ಸ್ಕ್ ಪ್ರಾಂತದಲ್ಲಿ ಸೋವಿಯತ್ ಸರಕಾರವು 1949ರಿಂದ 1989ರವರೆಗೆ ನಾನೂರೈವತ್ತಕ್ಕೂ ಹೆಚ್ಚು ಪರೀಕ್ಷೆಗಳನ್ನು ನಡೆಸಿತು. ಅಲ್ಲಿ ದಂತವೈದ್ಯರು ಕಿತ್ತ ಹಲ್ಲುಗಳನ್ನೂ ಹಳೆಯ ಕಟ್ಟಡಗಳ ಇಟ್ಟಿಗೆಗಳನ್ನೂ ವಿಜ್ಞಾನಿಗಳು ಸಾಕ್ಷಿಗೆ ಕರೆದರು. ಹಲ್ಲಿನ ಹೊರಕವಚವೂ ಇಟ್ಟಿಗೆಯೊಳಗಿನ ಬೆಣಚುಕಲ್ಲಿನ ಹರಳೂ ತಮಗೆ ತಗುಲಿದ ವಿಕಿರಣದ ಗುರುತನ್ನು ದಶಕಗಳ ಕಾಲ ಹಿಡಿದಿಟ್ಟುಕೊಳ್ಳುತ್ತವೆ. ಆದರೆ ಹಲ್ಲಿಗೆ ವೈದ್ಯರ ಎಕ್ಸ್‌ರೇ ಯಾವುದು, ಬಾಂಬು ಯಾವುದು ಎಂಬ ಭೇದ ತಿಳಿಯದು. ಕೊರಳಿನ ಗ್ರಂಥಿಗೆ ಹಾಲಿನಿಂದ ಏನಾಯಿತೆಂಬುದನ್ನೂ ಅದು ಹೇಳಲಾರದು. ಸಾಕ್ಷಿ ಸತ್ಯವಂತ, ಕಂಡದ್ದು ಮಾತ್ರ ಅರ್ಧ.

ಆದುದರಿಂದ ಯಾವ ಲೆಕ್ಕವೂ ಒಬ್ಬ ರೋಗಿಯನ್ನು ತೋರಿಸಿ 'ಇವನ ರೋಗ ಬಾಂಬಿನಿಂದ ಬಂದದ್ದು' ಎನ್ನಲಾರದು. ಬಾಂಬಿನ ಗಾಳಿ ಸೋಕದವರಿಗೂ ಕ್ಯಾನ್ಸರ್ ಬರುತ್ತದೆ. ಬಂದ ಹುಣ್ಣಿನ ಮೇಲೆ ಕಾರಣದ ಮುದ್ರೆಯಿರುವುದಿಲ್ಲ. ಎಲ್ಲ ರೋಗವನ್ನೂ ಸ್ಫೋಟದ ತಲೆಗೆ ಕಟ್ಟುವುದು ನೊಂದವರ ಪರವಾದ ಮಾತಾದರೂ ಸತ್ಯವಲ್ಲ, ಇದನ್ನು ಒಪ್ಪಲೇಬೇಕು. ಹಾಗೆಂದು 'ರುಜುವಾತಿಲ್ಲ, ನಡೆ' ಎನ್ನುವುದು ಧರ್ಮವೆ? ರುಜುವಾತು ಇಲ್ಲದಂತಾದುದು ಯಾರಿಂದ? ಅಳೆಯುವ ಹೊಣೆ ಹೊತ್ತವರು ಅಳೆಯಲಿಲ್ಲ. ಆ ಲೋಪದ ಫಲವನ್ನು ಅವರೇ ಉಣ್ಣುವುದಾದರೆ, ಅಳೆಯದಿರುವುದೇ ಜಾಣತನವೆಂದು ಮುಂದಿನವರಿಗೂ ಪಾಠ ಹೇಳಿದಂತಾಗುತ್ತದೆ. ನನ್ನ ಎಣಿಕೆಯಲ್ಲಿ ಸಂಶಯವು ಸಾಲದ ಪತ್ರದಂತೆ. ಅದನ್ನು ಬರೆದವನ ಹೆಸರಿಗೇ ಅದು ಸಲ್ಲಬೇಕು.

ಅಮೆರಿಕದ 1990ರ ಕಾನೂನು ಒಂದು ಮಟ್ಟಿಗೆ ಈ ದಾರಿ ಹಿಡಿಯಿತು. ಗೊತ್ತುಮಾಡಿದ ಜಿಲ್ಲೆಗಳಲ್ಲಿ ಗೊತ್ತಾದ ಅವಧಿಯಲ್ಲಿ ವಾಸವಿದ್ದು, ಹೆಸರಿಸಿದ ಕ್ಯಾನ್ಸರುಗಳಲ್ಲೊಂದು ತಗುಲಿದ್ದರೆ ಸಾಕು. ಎಷ್ಟು ವಿಕಿರಣ ತಾಗಿತೆಂಬ ರುಜುವಾತನ್ನು ಕೇಳದೆ 50,000 ಡಾಲರ್ ಕೊಡಬೇಕೆಂದಿತು. ಅದು ಔದಾರ್ಯವಲ್ಲ, ಲೆಕ್ಕದ ಪ್ರಾಮಾಣಿಕತೆ. ಆದರೆ ಅದೇ ಕಾನೂನು ನಕ್ಷೆಯ ಮೇಲೆ ಗೆರೆಯನ್ನೂ ಎಳೆಯಿತು. ಗಾಳಿ ಆ ಗೆರೆಯನ್ನು ಬಲ್ಲುದೆ? ನೆವಾಡಾ, ಯೂಟಾ, ಅರಿಜೋನಾಗಳ ಕೆಲವು ಜಿಲ್ಲೆಗಳು ಒಳಗಾದವು. ಮೊದಲ ಬಾಂಬಿನ ಧೂಳು ಹೊದ್ದ ನ್ಯೂ ಮೆಕ್ಸಿಕೋದ ಹಳ್ಳಿಗಳು ಹೊರಗುಳಿದವು. ಅಲ್ಲಿನವರು ವರ್ಷ ವರ್ಷವೂ ಅಹವಾಲು ಹೇಳುತ್ತಲೇ ಬಂದರು. 2025ರ ಜುಲೈ ತಿಂಗಳಲ್ಲಿ ಕಾನೂನು ತಿದ್ದುಪಡಿಯಾಗಿ ಅವರನ್ನೂ ಸೇರಿಸಿಕೊಂಡಿತು, ಮೊತ್ತವೂ 1,00,000 ಡಾಲರಿಗೆ ಏರಿತು. ಸ್ಫೋಟದ ಬೇಸಿಗೆಯಲ್ಲಿ ಹಾಲು ಕುಡಿಯುತ್ತಿದ್ದ ಕೂಸಿಗೆ, ಬದುಕಿದ್ದರೆ, ಅಷ್ಟರಲ್ಲಿ ಎಂಬತ್ತು ವರ್ಷ.